ಮೂವತ್ತು ದಿನಗಳ ಇಂಗ್ಲಿಷಿಗೆ ಒಂದು ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ಕೂಯ್‌ಗುಡುವ ಮೈಕಿನ ಕಿವಿ ಹಿಂಡುತ್ತಿರುವ ಭಾಯಿಯವರೇ, ಮೂರು ಮಹಡಿ ಹತ್ತಿ ಇನ್ನೂ ಏದುಸಿರು ಬಿಡುತ್ತಿರುವ ಪೋಷಕರೇ, ಈ ದಿನದ ಮದುಮಕ್ಕಳಾದ ವಿದ್ಯಾರ್ಥಿಗಳೇ,

ಎರಡೇ ಮಾತು ಆಡಿ ಅಂದಿದ್ದಾರೆ. ನಮ್ಮ ಮದರಾಸಿನ ಸೌಕಾರ್‌ಪೇಟೆಯ ಸೇಟು ‘ನಿಮಗೋಸ್ಕರ ಅಸಲಿಗೇ ಕೊಡ್ತಿದ್ದೀನಿ’ ಅಂದಷ್ಟೇ ಅದು ನಿಜ. ಹೇಳಿದವರೂ ನಂಬುವುದಿಲ್ಲ, ಕೇಳಿದವರೂ ನಂಬುವುದಿಲ್ಲ, ವ್ಯಾಪಾರ ನಡೆಯುತ್ತದೆ.

ನಾನು ಕನ್ನಡದಲ್ಲೇ ಮಾತಾಡುತ್ತೇನೆ. ಮುಂದಿನ ಸಾಲಿನಲ್ಲಿ ಮಾರವಾಡಿಗಳಿದ್ದೀರಿ, ಅವರ ಹಿಂದೆ ಗುಜರಾತಿಗಳು, ಬಾಗಿಲ ಬಳಿ ತೆಲುಗರು, ತಮಿಳರು. ಯಾರಿಗೂ ಪಕ್ಷಪಾತ ಆಗಬಾರದೆಂದರೆ ಯಾರಿಗೂ ಪೂರಾ ಅರ್ಥವಾಗದ ಭಾಷೆಯೇ ಮೇಲು. ಹೊಸೂರಿನ ನಮ್ಮ ಹುಡುಗ ಒಬ್ಬ ಮೂಲೆಯಲ್ಲಿದ್ದಾನೆ. ಅವನು ನಕ್ಕಾಗ ನೀವೂ ನಗಿ.

ಹೇ ಶೀಘ್ರಫಲದಾಯಿನಿಯಾದ ಮೂವತ್ತು ದಿನಗಳ ಇಂಗ್ಲಿಷೇ! ಹತ್ತು ವರ್ಷ ಶಾಲೆಯ ಬೆಂಚು ಸವೆಸಿದರೂ ಬಾರದವಳು ನೀನು, ಟಂಕಸಾಲೆ ಬೀದಿಯ ಜಿಲೇಬಿ ಅಂಗಡಿಯ ಓಣಿಯಲ್ಲಿ, ಸ್ಟೀಲ್ ಪಾತ್ರೆ ಗೋದಾಮಿನ ಮೇಲೆ, ಸಂಜೆ ಏಳರಿಂದ ಎಂಟರವರೆಗೆ ಒಲಿಯುತ್ತೀಯೆ. ಭಾನುವಾರ ನಿನಗೂ ರಜೆ. ಒಲಿದವರಿಗೆ ಸರ್ಟಿಫಿಕೇಟು, ಒಲಿಯದವರಿಗೂ ಸರ್ಟಿಫಿಕೇಟು. ಇಂಥ ಸಮಭಾವ ನಮ್ಮ ದೇವರುಗಳಲ್ಲೂ ಅಪರೂಪ.

ಬರೀ ಭಾಷೆಯಲ್ಲ, ಜೊತೆಗೆ ಸಂಸ್ಕೃತಿಯನ್ನೂ ಕಲಿಸುತ್ತೇವೆ ಎಂದು ಕರಪತ್ರದಲ್ಲೇ ಅಚ್ಚಾಗಿದೆ. ಕಳೆದ ಶನಿವಾರ ಆ ಸಂಸ್ಕೃತಿಯನ್ನು ಕಣ್ಣಾರೆ ಕಂಡೆ. ಮೇಜಿನ ಮೇಲೆ ಪೇಪರ್ ತಟ್ಟೆ, ತಟ್ಟೆಯಲ್ಲಿ ಎನ್‌ಎಸ್‌ಸಿ ಬೋಸ್ ರಸ್ತೆಯಿಂದ ತರಿಸಿದ ತುಪ್ಪ-ಪುಡಿ ಇಡ್ಲಿ. ಎಡಗೈಯಲ್ಲಿ ಫೋರ್ಕು, ಬಲಗೈಯಲ್ಲಿ ಚಾಕು ಎಂದರು ಮೇಷ್ಟರು. ಜಾಲೋರಿನಿಂದ ಕಾಕನ ಪಾತ್ರೆ ಅಂಗಡಿಗೆ ಬಂದಿರುವ ಹುಡುಗ ಹಲ್ಲು ಕಚ್ಚಿ ಒತ್ತಿದ. ತುಪ್ಪದಲ್ಲಿ ಈಜುತ್ತಿದ್ದ ಇಡ್ಲಿ ಸರ್ರನೆ ಜಾರಿ ಪಕ್ಕದವನ ನೋಟ್‌ಬುಕ್ಕಿನ ಮೇಲೆ, ಸರಿಯಾಗಿ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸಿನ ಮೇಲೆ, ಕೂತಿತು. ಹುಡುಗ ಅತ್ತಿತ್ತ ನೋಡಿ, ಕೈಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. ಮೇಷ್ಟರು ‘ಗುಡ್ ಎಫರ್ಟ್’ ಅಂದರು. ಅರ್ಧ ಮೈಲಿ ಆಚೆ ಅದೇ ಇಡ್ಲಿಗೆ ಜನ ಕೈ ನೆಕ್ಕುತ್ತ ಸಾಲು ನಿಂತಿರುತ್ತಾರೆ. ಪಾಪ, ಅವರಿಗೆ ಸಂಸ್ಕೃತಿಯಿಲ್ಲ.

ಸಭಿಕರೇ, ಊರಿಗೆ ಬಂದವರಿಗೆ ಭಾಷೆ ಕಲಿಸುವ ಧಂದೆ ಮದರಾಸಿಗೆ ಹೊಸದಲ್ಲ. ಆದರೆ ಆಗ ಗಾಳಿ ತಿರುಗಾಮುರುಗಾ ಬೀಸುತ್ತಿತ್ತು. 1812ರಲ್ಲಿ ಇಲ್ಲೇ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ತೆರೆಯಿತು. ವಿದ್ಯಾರ್ಥಿಗಳು ಯಾರು? ಹಡಗಿಳಿದ ಹಾಲುಗಲ್ಲದ ಇಂಗ್ಲಿಷ್ ಹುಡುಗರು. ಮುಂದೆ ಜಿಲ್ಲೆ ಆಳಬೇಕಾದವರು ಮೊದಲು ಮುನ್ಷಿಗಳ ಮುಂದೆ ಕೂತು ತಮಿಳು, ತೆಲುಗು, ನಮ್ಮ ಕನ್ನಡ ತಿದ್ದಬೇಕಾಗಿತ್ತು. ಚೆನ್ನಾಗಿ ಕಲಿತವನಿಗೆ ಕಂಪನಿ ಸಾವಿರ ವರಾಹ ಇನಾಮು ಕೊಡುತ್ತಿತ್ತು. ಇನ್ನೊಮ್ಮೆ ಹೇಳುತ್ತೇನೆ: ನಮ್ಮ ಭಾಷೆ ಕಲಿತದ್ದಕ್ಕೆ ಅವರಿಗೆ ಸಾವಿರ ವರಾಹ, ಅವರ ಭಾಷೆ ಕಲಿಯುವುದಕ್ಕೆ ನಾವೇ ಫೀಸು. ಲೆಕ್ಕ ಬರೆದೇ ತಲೆ ನರೆತ ಈ ಗುಮಾಸ್ತನಿಗೆ ಜಮೆ ಯಾವುದು, ಖರ್ಚು ಯಾವುದು ಎಂದು ಇವತ್ತಿಗೂ ತಾಳೆಯಾಗಿಲ್ಲ.

ಆ ಕಾಲೇಜನ್ನು ಕಟ್ಟಿ ನಿಲ್ಲಿಸಿದ ಎಲ್ಲಿಸ್ ಸಾಹೇಬ 1816ರಲ್ಲಿ, ತಮಿಳು, ತೆಲುಗು, ಕನ್ನಡ ಸಂಸ್ಕೃತದಿಂದ ಹುಟ್ಟಿದವಲ್ಲ, ಅವೆಲ್ಲ ಒಂದೇ ಮನೆಯ ಮಕ್ಕಳು ಎಂದು ಬರೆದ. ಆ ಮನೆಯ ಮಕ್ಕಳ ಬಗ್ಗೆ ಕಾಲ್ಡ್‌ವೆಲ್ಲರ ದೊಡ್ಡ ವ್ಯಾಕರಣ ಬಂದದ್ದು ಅದಾದ ನಲವತ್ತು ವರ್ಷಕ್ಕೆ. ಮೆಕೆರೆಲ್ ಎಂಬುವರ ಕನ್ನಡ ವ್ಯಾಕರಣ 1820ರಲ್ಲಿ ಈ ಊರಲ್ಲೇ ಅಚ್ಚಾಯಿತು. ಎಳೆಯ ಅಧಿಕಾರಿಗಳಿಗೆ ಪಾಠ ಹೇಳುವ ಗಡಿಬಿಡಿಯಲ್ಲಿ ಒಂದು ಭಾಷಾಕುಟುಂಬವೇ ಪತ್ತೆಯಾಯಿತು. ನಮ್ಮ ಈ ತರಗತಿಯಲ್ಲಿ ಇದುವರೆಗೆ ಪತ್ತೆಯಾಗಿರುವುದು ಹಿಂದಿನ ಬ್ಯಾಚಿನವರು ಬಿಟ್ಟುಹೋದ ಎರಡು ಛತ್ರಿ. ಕಾಲೇಜು 1854ಕ್ಕೆ ಮುಚ್ಚಿತು. ನುಂಗಂಬಾಕ್ಕಂನಲ್ಲಿ ಕಾಲೇಜ್ ರೋಡು ಮಾತ್ರ ಉಳಿದಿದೆ, ಅಲ್ಲಿಗೆ ಆಟೋದವರು ಮೀಟರ್ ಹಾಕುವುದಿಲ್ಲ.

ಅದಕ್ಕೂ ಹಿಂದೆ ಕಂಪನಿಯ ನಾಲಗೆಯಾಗಿದ್ದವರು ದುಬಾಷಿಗಳು. ಎರಡು ಭಾಷೆ ಬಲ್ಲವನು ಎರಡೂ ಕಡೆ ಉಂಡ. ಅಂಥ ಒಬ್ಬ ದುಬಾಷಿ ಪಚ್ಚಯಪ್ಪ ಮೊದಲಿಯಾರರು 1794ರಲ್ಲಿ ತೀರಿಕೊಂಡಾಗ ದಾನಧರ್ಮಕ್ಕೆಂದು ಇಟ್ಟುಹೋದ ಗಂಟಿನಿಂದ 1842ರಲ್ಲಿ ವಿದ್ಯಾಸಂಸ್ಥೆಯೇ ಎದ್ದಿತು. ನಾಲಗೆಯ ಸಂಪಾದನೆ ಅಂದರೆ ಅದು.

ಈಗ ಜಾಲೋರಿನ ಹುಡುಗನ ಹತ್ತಿರ ಮತ್ತೆ ಬರುತ್ತೇನೆ. ಅಪ್ಪಾ, ಎದ್ದು ನಿಲ್ಲು, ನಾಚಿಕೊಳ್ಳಬೇಡ. ಇವನು ಬಂದು ಏಳು ತಿಂಗಳು. ಬೆಳಿಗ್ಗೆ ಕಾಕನಿಗೆ ಮಾರವಾಡಿಯಲ್ಲಿ ಸ್ಟಾಕು ಒಪ್ಪಿಸುತ್ತಾನೆ. ‘ಮೀನ್‌ಬಾಡಿ’ ಸರಕುಗಾಡಿಯವನು ಬಾಡಿಗೆ ಏರಿಸಿದರೆ ಉತ್ತರ ಚೆನ್ನೈಯ ಖಡಕ್ ತಮಿಳಿನಲ್ಲಿ ಇಳಿಸುತ್ತಾನೆ. ಚಿತ್ತೂರಿನ ಗಿರಾಕಿಗೆ ತೆಲುಗಿನಲ್ಲಿ ಡಜನ್ ಲೆಕ್ಕ. ಕೆಜಿಎಫ್‌ನಿಂದ ಸರಕಿಗೆ ಬಂದವರಿಗೆ ‘ಲಾಸ್ಟ್ ರೇಟು ಅಣ್ಣಾ, ನಿಮ್ಗೇ ಅಂತ’ ಎಂದು ನಮ್ಮ ಭಾಷೆಯಲ್ಲಿ. ಈ ಕೋರ್ಸಿಗೆ ಕರಪತ್ರವಿಲ್ಲ, ಮೇಷ್ಟರಿಲ್ಲ. ತಪ್ಪು ಮಾತಾಡಿದರೆ ಸಂಜೆ ಗಲ್ಲಾಪೆಟ್ಟಿಗೆಯೇ ಕೆಂಪು ಶಾಯಿಯಲ್ಲಿ ತಿದ್ದುತ್ತದೆ.

ಮೊನ್ನೆ ಕೇಳಿದೆ, ‘ಒಟ್ಟು ಎಷ್ಟು ಭಾಷೆ ಬರುತ್ತಪ್ಪಾ ನಿನಗೆ?’

‘ಒಂದೂ ಬರಲ್ಲ ಅಂಕಲ್. ಅದಕ್ಕೇ ಕ್ಲಾಸಿಗೆ ಬಂದಿರೋದು’ ಅಂದ, ಕನ್ನಡದಲ್ಲಿ.

ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನು ನೋಡಿದೆ. ಮುಗಿಸುತ್ತೇನೆ. ಹೇ ಮೂವತ್ತು ದಿನಗಳ ಇಂಗ್ಲಿಷೇ, ನಿನಗೆ ಈ ಶಾಲು, ಈ ಹಾರ, ಈ ಹಣ್ಣಿನ ಬುಟ್ಟಿ. ನೀನು ಬೇಡವೆಂದಲ್ಲ, ಬ್ಯಾಂಕಿನ ಅರ್ಜಿ ಇವತ್ತಿಗೂ ನಿನ್ನನ್ನೇ ಕೇಳುತ್ತದೆ. ಶಾಲು ಮಾತ್ರ ಬಾಡಿಗೆಯದು, ಹೋಗುವಾಗ ಮೇಜಿನ ಮೇಲಿಡತಕ್ಕದ್ದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮೆಟ್ಟಿಲು ಕಡಿದಾಗಿವೆ, ಬಲ್ಬು ಕೆಟ್ಟು ಎರಡು ವಾರ. ಹಗ್ಗ ಹಿಡಿದು ಒಬ್ಬೊಬ್ಬರೇ ಇಳಿಯಿರಿ. ಕೆಳಗಡೆ ತಳ್ಳುಗಾಡಿಯವನು ‘ಓರಂ ಪೋ’ ಎಂದು ಕೂಗಿದರೆ ತಕ್ಷಣ ಗೋಡೆಗೆ ಒತ್ತಿಕೊಳ್ಳಿ. ಅವನು ‘ಎಕ್ಸ್‌ಕ್ಯೂಸ್ ಮಿ’ ಅನ್ನುವುದಿಲ್ಲ.