ಸ್ವಲ್ಪ ಮೂಸಿ ನೋಡಿ

ಲಿಫ್ಟಿನಲ್ಲಿ ನೀವಿಬ್ಬರೇ ಇದ್ದಾಗ ಪಕ್ಕದವರು ಶರ್ಟಿನ ತೋಳು ಸರಿಸಿ, ಮಣಿಕಟ್ಟನ್ನು ನಿಮ್ಮ ಮೂಗಿನ ಹತ್ತಿರ ಹಿಡಿದು "ಏನನ್ಸುತ್ತೆ?" ಅಂದರೆ ಗಾಬರಿಯಾಗಬೇಡಿ. ಅವರು ನಮ್ಮ ಲಾವಂಚರಾಯರು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅವರಿಗೆ ಬೇರೆ ಹೆಸರಿದೆ. ಅದು ಈಗ ಯಾರಿಗೂ ನೆನಪಿಲ್ಲ. ಬೆಂಗಳೂರಿನ ಒಂದೊಂದು ಅಪಾರ್ಟ್‌ಮೆಂಟಿಗೂ ಒಂದೊಂದು ಕಚೇರಿಗೂ ಇಂಥವರೊಬ್ಬರು ಮಂಜೂರಾಗಿದ್ದಾರೆ. ವಯಸ್ಸು ನಲವತ್ತು ದಾಟಿದೆ, ಮನೆ ಸಾಲದ ಕಂತು ಮುಗಿಯುತ್ತ ಬಂದಿದೆ, ಮಗಳು ಹೈಸ್ಕೂಲಿನಲ್ಲಿದ್ದಾಳೆ. ಬೈಕು, ಕ್ಯಾಮೆರಾ, ಮನೆಯಲ್ಲೇ ಕಾಫಿಬೀಜ ಹುರಿಯುವುದು ಎಲ್ಲ ಆಗಿ ಹೋಗಿ, ಹುಚ್ಚು ಈಗ ಮೂಗಿಗೆ ಬಂದು ನಿಂತಿದೆ.

"ಚೆನ್ನಾಗಿದೆ" ಅಂದು ತಪ್ಪಿಸಿಕೊಳ್ಳಲು ನೋಡಬೇಡಿ. ರಾಯರ ಲೆಕ್ಕದಲ್ಲಿ ಅದು ಉತ್ತರವೇ ಅಲ್ಲ. "ಚೆನ್ನಾಗಿರೋದು ಇರಲಿ, ಮಣ್ಣು ಬರ್ತಿದೆಯಾ? ಹೊಗೆ? ಚಕ್ಕೋತದ ಸಿಪ್ಪೆ?" ಎಂದು ಅವರು ಪಾಟೀಸವಾಲು ಹಾಕುತ್ತಾರೆ. ನಿಮ್ಮ ಮೂಗಿಗೆ ಆ ಹೊತ್ತಿಗೆ ಬರುತ್ತಿರುವುದು ಮೂರನೇ ಮಹಡಿಯವರ ಒಗ್ಗರಣೆ. ಅಷ್ಟರಲ್ಲಿ ನೆಲಮಹಡಿ ಬಂದಿರುತ್ತದೆ, ಆದರೆ ರಾಯರು ಬಾಗಿಲಿಗೆ ಕಾಲು ಅಡ್ಡ ಇಟ್ಟಿರುತ್ತಾರೆ.

ಅವರ ಸಿದ್ಧಾಂತ ಬಲು ಸರಳ. ಗಂಡಸು ಸೆಂಟು ಹಾಕಿಕೊಂಡಿದ್ದಾನೆ ಎಂದು ಯಾರಿಗೂ ಗೊತ್ತಾಗಬಾರದು. ಮಲ್ಲಿಗೆ, ಗುಲಾಬಿ, ವೆನಿಲ್ಲಾ ಎಲ್ಲ ಡಂಗುರ ಹೊಡೆಯುವ ವಾಸನೆಗಳು. ಲಾವಂಚ ಮಾತ್ರ ಸಭ್ಯ. ಸ್ನಾನ ಮಾಡಿ, ಇಸ್ತ್ರಿ ಶರ್ಟು ತೊಟ್ಟು, ಬೆಳಗಿನ ಬಿಸಿಲಲ್ಲಿ ತೋಟದಲ್ಲೊಂದು ಸುತ್ತು ಹಾಕಿ ಬಂದವನ ಹಾಗಿರಬೇಕು, ಅಷ್ಟೇ. ಸ್ನಾನ ಮಾಡಿ ಇಸ್ತ್ರಿ ಶರ್ಟು ತೊಟ್ಟು ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬಂದರೂ ಇದು ಸಿಗುತ್ತದಲ್ಲ ಎಂದು ಒಮ್ಮೆ ಯಾರೋ ಕೇಳಿದರು. ರಾಯರು ಅವರಿಗೆ ಮಣಿಕಟ್ಟು ಚಾಚುವುದನ್ನೇ ನಿಲ್ಲಿಸಿದರು.

ತೊಂದರೆ ಇರುವುದು ಸಿದ್ಧಾಂತದ ಎರಡನೇ ಅರ್ಧದಲ್ಲಿ, ಅದನ್ನು ರಾಯರು ಬಾಯಿಬಿಟ್ಟು ಹೇಳುವುದಿಲ್ಲ. ಗೊತ್ತಾಗಬಾರದು, ನಿಜ. ಆದರೆ ಇಷ್ಟು ಖರ್ಚು ಮಾಡಿ ಗೊತ್ತಾಗದ ಹಾಗೆ ಬಂದಿದ್ದೇನಲ್ಲ, ಅದನ್ನು ಒಬ್ಬನಾದರೂ ಗಮನಿಸಬೇಡವೇ? "ರಾಯರೇ, ಏನು ಹಾಕಿದೀರಿ ಇವತ್ತು?" ಎಂದು ತಾನಾಗಿ ಕೇಳುವ ಆ ಒಬ್ಬ ಪುಣ್ಯಾತ್ಮನಿಗಾಗಿ ಅವರು ಎಷ್ಟೋ ವರ್ಷದಿಂದ ಕಾಯುತ್ತಿದ್ದಾರೆ. ಅವನು ಬರದ ಕಾರಣ ಮಣಿಕಟ್ಟು ಚಾಚಬೇಕಾಗಿ ಬಂದಿದೆ.

ಆಯ್ಕೆಯಂತೂ ಮುಗಿಯುವ ಬಾಬತ್ತಲ್ಲ. 1957ರಲ್ಲಿ ಪ್ಯಾರಿಸ್ಸಿನ ಕಾರ್ವೆನ್ ಲಾವಂಚದ ಹೆಸರಲ್ಲೇ ಒಂದು ಸೀಸೆ ತಂದಿತು, 1959ರಲ್ಲಿ ಗೆರ್ಲಾನ್ ಮನೆತನದ ಜಾನ್ ಪೋಲ್ ಗೆರ್ಲಾನ್ ಇನ್ನೊಂದು ಮಾಡಿದ. ಇವುಗಳ ತನಕ ರಾಯರ ಮಾತು ಗುರುಪರಂಪರೆ ಹೇಳುವ ಧಾಟಿಯಲ್ಲೇ ಇರುತ್ತದೆ. ಗೆರ್ಲಾನಿನಲ್ಲಿ ಮೊದಲು ನಿಂಬೆ ಜಾತಿಯ ಹುಳಿ, ಒಳಗೆ ಜಾಯಿಕಾಯಿ, ತಳದಲ್ಲಿ ಹೊಗೆಸೊಪ್ಪು. ಅದು ಅವರಿಗೆ ಪೂಜ್ಯ. ಆದರೆ ಈಗಿನದಲ್ಲ! ಓಕ್ ಮರದ ಪಾಚಿಯಂಥ ಸಾಮಗ್ರಿಗಳಿಗೆ ನಿರ್ಬಂಧ ಬಂದ ಮೇಲೆ ಸೆಂಟಿನ ಮನೆಗಳವರು ಹಳೆಯ ಪಾಕಗಳನ್ನು ಅಲ್ಲಲ್ಲಿ ತಿದ್ದಿದ್ದಾರೆ. ಹೀಗಾಗಿ ಹಳೇ ಬೆಂಗಳೂರಿನವರು ಮಸಾಲೆದೋಸೆಯ ಬಗ್ಗೆ ಮಾತಾಡುವಂತೆ ರಾಯರು ಗೆರ್ಲಾನ್ ಬಗ್ಗೆ ಮಾತಾಡುತ್ತಾರೆ: "ಆ ಕಾಲದ ರುಚಿ ಈಗೆಲ್ಲಿ?" ಆ ಕಾಲದಲ್ಲಿ ರಾಯರು ಹುಟ್ಟಿರಲಿಲ್ಲ. ಆದರೂ ಸೀಸೆಯ ತಳದಲ್ಲಿ ಅಚ್ಚಾದ ಬ್ಯಾಚ್ ನಂಬರನ್ನು ಭೂತಗನ್ನಡಿ ಹಿಡಿದು ಓದುತ್ತಾರೆ, ಜಾತಕ ನೋಡುವವರ ಮುಖ ಮಾಡಿಕೊಂಡು.

2006 ಅವರ ಪಾಲಿಗೆ ಧರ್ಮಸಂಕಟದ ವರ್ಷ. ಅದೇ ವರ್ಷ ಲಾಲಿಕ್‌ನವರ ಆಂಕ್ರ್ ನ್ವಾರ್ ಬಂತು, ಅದೇ ವರ್ಷ ಏರ್ಮೆಸ್‌ನವರ ತೇರ್ ದೇರ್ಮೆಸ್ಸೂ ಬಂತು. ಮೊದಲನೆಯದು ಕಪ್ಪು ಗಾಜಿನ ಚೌಕದ ಮಸಿಕುಡಿಕೆ. ಒಳಗಿರುವುದು ಮೋಡ ಕವಿದ ದಿನ ಒದ್ದೆ ಕಾಡಿನಲ್ಲಿ ಬೇರು ಅಗೆದ ವಾಸನೆ. ಎರಡನೆಯದರಲ್ಲಿ ಕಿತ್ತಳೆ ಇದೆ, ಬಿಸಿಲಿಗೆ ಕಾದ ಕಲ್ಲಿದೆ, ಕೊನೆಗೆ ಲಾವಂಚವಿದೆ. ಅದನ್ನು ಕಟ್ಟಿದವರು ಜಾನ್ ಕ್ಲೋದ್ ಎಲೆನಾ. ಇದು ಆಫೀಸಿಗೂ ಮದುವೆಗೂ ಸಲ್ಲುತ್ತದೆ ಎಂದು ಲೋಕವೆಲ್ಲ ಒಪ್ಪಿದೆ, ರಾಯರಿಗೆ ಇರುವ ಆಕ್ಷೇಪವೂ ಅದೇ. "ಮೀಟಿಂಗಿನಲ್ಲಿ ಮೂವರು ಇದನ್ನೇ ಹಾಕ್ಕೊಂಡು ಬಂದಿರ್ತಾರೆ." ಆಂಕ್ರ್ ನ್ವಾರ್ ಬಗ್ಗೆ ಬೇರೆ ಆಕ್ಷೇಪ: ತೀರಾ ಅಗ್ಗ. ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಒಳ್ಳೆಯದು ಸಿಕ್ಕರೆ ಮನುಷ್ಯ ಯಾವ ಮುಖ ಇಟ್ಟುಕೊಂಡು ಹೆಮ್ಮೆಪಡಬೇಕು? ನನ್ನನ್ನು ಕೇಳಿದರೆ ಅದೊಂದೇ ಸಾಕಿತ್ತು. ನನ್ನನ್ನು ಅವರು ಕೇಳುವುದಿಲ್ಲ, ಮೂಸಿಸುತ್ತಾರೆ ಅಷ್ಟೇ.

ಹೆಮ್ಮೆಗೆ ಬೇಕಾದ ಬೆಲೆಯವೂ ಇವೆ. 2002ರಲ್ಲಿ ಫ್ರೆಡೆರಿಕ್ ಮಾಲ್ ಅವರಿಗಾಗಿ ದೊಮಿನಿಕ್ ರೊಪಿಯೋ ಕಟ್ಟಿದ್ದರಲ್ಲಿ ಲಾವಂಚವೇ ಕಾಲುಭಾಗವಂತೆ. ಶನೆಲ್‌ನವರ ಸಿಕೊಮೊರ್ ಇದೆ, ಟಾಮ್ ಫೋರ್ಡ್ ಅವರ ಗ್ರೇ ವೆಟಿವರ್ ಇದೆ. ಇವನ್ನು ಇಡೀ ಸೀಸೆ ಕೊಳ್ಳುವ ಶಕ್ತಿ ರಾಯರಿಗಿಲ್ಲ ಎಂದಲ್ಲ, ರಾಯರ ಹೆಂಡತಿ ಬ್ಯಾಂಕಿನ ಮೆಸೇಜು ಓದುತ್ತಾರೆ. ಆದ್ದರಿಂದ ಐದು ಮಿಲಿಲೀಟರಿನ ಪುಟ್ಟ ಸೀಸೆಗಳು ಕೊರಿಯರ್‌ನಲ್ಲಿ ಬಂದು, ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಹಿಂದೆ ಅಜ್ಞಾತವಾಸ ಮಾಡುತ್ತವೆ.

ಪರೀಕ್ಷೆ ಚರ್ಮದ ಮೇಲೇ ಆಗಬೇಕು. ಕಾಗದದ ಪಟ್ಟಿ ಸುಳ್ಳು ಹೇಳುತ್ತದಂತೆ. ಎಡಗೈಯನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸರ್ವೆ ಮಾಡಿ ಹಂಚಿದ್ದಾರೆ: ಇಲ್ಲಿ ಹೈಟಿಯ ಲಾವಂಚ, ಅಲ್ಲಿ ಜಾವಾದ್ದು. ಹೈಟಿಯದು ಹಸನು, ಶುಭ್ರ, ಫ್ರೆಂಚರಿಗೆ ಬಲು ಪ್ರೀತಿ. ಜಾವಾದ್ದಕ್ಕೆ ಸುಟ್ಟ ಹೊಗೆಯ ಕಮಟು. ಬಲಗೈಗೆ ಮಾತ್ರ ವಿನಾಯಿತಿ, ಅದು ಊಟದ ಕೈ. ಒಂದು ಭಾನುವಾರ ಎಡಗೈ ಸಾಲದೆ ಬಲಗೈಗೂ ದಾಟಿದರು. ಮಧ್ಯಾಹ್ನ ಅನ್ನಕ್ಕೆ ಸಾರು ಹಾಕಿಸಿಕೊಂಡು, ಇಂಗು ಬೆರೆತರೆ ಫಲಿತಾಂಶ ಕೆಡುತ್ತದೆ ಎಂದು ಚಮಚ ಕೇಳಿದರು. ಹೆಂಡತಿ ಚಮಚ ಕೊಡಲಿಲ್ಲ. "ರೀ, ನನ್ನ ಸಾರಿನ ಘಮ ನಿಮಗೆ ಅಡ್ಡಿಯಾಯ್ತಾ?" ಎಂದು ಒಂದೇ ಮಾತು ಕೇಳಿದರು. ರಾಯರು ಕೈಯಲ್ಲೇ ಕಲಸಿ ಉಂಡರು. ಸಂಜೆ ನೋಡಿದರೆ ಮಣಿಕಟ್ಟಿನಲ್ಲಿ ಉಳಿದದ್ದು ಇಂಗೇ.

ಊರಿಂದ ಬಂದಿದ್ದ ತಾಯಿಗೂ ಒಮ್ಮೆ ಕೈ ಚಾಚಿದರು. ಮುದುಕಿ ಕನ್ನಡಕ ಹಾಕಿಕೊಂಡು (ಮೂಸುವುದಕ್ಕೆ ಅದೇಕೋ!) ಗಂಭೀರವಾಗಿ ಮೂಸಿ, "ಹೂಜಿ ತೊಳೆದು ಎಷ್ಟು ದಿನ ಆಯ್ತೋ?" ಅಂದರು.

ಸ್ವದೇಶಿ ಅಧ್ಯಾಯವೂ ಒಂದಿದೆ. ಕನ್ನೌಜಿನಲ್ಲಿ ತಾಮ್ರದ ದೇಗಿನಲ್ಲಿ ಲಾವಂಚದ ಬೇರು ಬೇಯಿಸಿ, ಬಿದಿರಿನ ಕೊಳವೆಯಲ್ಲಿ ಹಬೆ ಹಾಯಿಸಿ, ನೀರಿನಲ್ಲಿಟ್ಟ ಭಪ್ಕಾ ಎಂಬ ಪಾತ್ರೆಯಲ್ಲಿ ಇಳಿಸುವ ರೂಹ್ ಖಸ್ ಬಗ್ಗೆ ಓದಿ, ಇನ್ನು ಫ್ರಾನ್ಸಿನ ಹಂಗೇ ಬೇಡವೆಂದು ರಾಯರು ಶಿವಾಜಿನಗರದ ಅತ್ತರಿನ ಅಂಗಡಿಗೆ ಹೋದರು. ಅಂಗಡಿಯ ಹಿರಿಯರು ಗಾಜಿನ ಕಡ್ಡಿಯಲ್ಲಿ ಹಸಿರು ಛಾಯೆಯ ಒಂದು ಹನಿಯನ್ನು ಮುಂಗೈಗೆ ಸವರಿದರು. ಹಸಿರು ಬಂದದ್ದು ತಾಮ್ರದಿಂದ.

"ಇದರಲ್ಲಿ ಟಾಪ್ ನೋಟ್ ಏನು?" ಎಂದರು ರಾಯರು.

"ಸಾರ್, ಖಸ್ ಅಂದ್ರೆ ಖಸ್. ಮೇಲೂ ಅದೇ, ಕೆಳಗೂ ಅದೇ."

ಅದು ನಿಜವೇ ಆಗಿತ್ತು. ಲಾವಂಚದ ಎಣ್ಣೆ ಮಂದ, ಹಾರಿಹೋಗಲು ಅವಸರವಿಲ್ಲ. ಬೇರೆ ಸುಗಂಧಗಳನ್ನು ಹಿಡಿದು ನಿಲ್ಲಿಸಲೂ ಅದನ್ನು ಬೆರೆಸುತ್ತಾರೆ. ಮಾರನೆಯ ದಿನ ಸ್ನಾನವಾದ ಮೇಲೂ ಖಸ್ ಅಲ್ಲೇ ಇತ್ತು. ಆದರೆ ಏಳುತ್ತಲೇ ಒಂದು ಮುಖ, ಮಧ್ಯಾಹ್ನ ಇನ್ನೊಂದು, ರಾತ್ರಿಗೆ ಮತ್ತೊಂದು ತೋರಿಸದ ಸುಗಂಧದ ಬಗ್ಗೆ ಯಾರಿಗಾದರೂ ಹೇಳುವುದೇನಿದೆ? ಆ ಪುಟ್ಟ ಸೀಸೆಯೂ ಕೊತ್ತಂಬರಿಯ ಹಿಂದೆ ಹೋಯಿತು.

ಕಚೇರಿಯಲ್ಲಿ ಗುಂಡ್ಲುಪೇಟೆ ಕಡೆಯ ಹುಡುಗನೊಬ್ಬನಿದ್ದಾನೆ. ರಾಯರು ಹೈಟಿ, ಜಾವಾ ಎಂದು ಅರ್ಧ ಗಂಟೆ ಬೋಧಿಸಿದ ಮೇಲೆ ಅವನು, "ಸರ್, ಲಾವಂಚ ಅಂದ್ರೆ ಆ ಹುಲ್ಲು ತಾನೇ? ನಮ್ಮ ಹೊಲದ ಬದುವಿನ ಮೇಲಿದೆ" ಅಂದ. ಆ ಸೀಮೆಯ ರೈತರು ಹಿಂದಿನಿಂದಲೂ ಅದನ್ನು ಗಡಿಗೆ ನೆಡುತ್ತ ಬಂದವರು. ಬೇರು ಮೂರು ಮೀಟರು ನೆಟ್ಟಗೆ ಕೆಳಕ್ಕಿಳಿದು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. 1980ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಈ ಹುಲ್ಲನ್ನು ವಿಶ್ವಬ್ಯಾಂಕಿನ ತಜ್ಞರೇ ಎತ್ತಿ ಹಿಡಿದರು. ರಾಯರ ಕಣ್ಣು ಅರಳಿತು. "ಒಂದು ಬುಡ ಕಿತ್ತು ತರ್ತೀಯೇನಪ್ಪಾ?"

"ಕೀಳಬಾರದು ಸರ್. ಆ ಕಡೆ ಚಿಕ್ಕಪ್ಪನ ಹೊಲ. ಒಂದು ಬುಡ ಅಲ್ಲಾಡಿದರೂ ಕೋರ್ಟಿಗೆ ಹೋಗ್ತಾರೆ."

ಗಡಿಯನ್ನು ಕಾಯುವ ಹುಲ್ಲನ್ನೇ ಬಳಿದುಕೊಂಡೂ ರಾಯರಿಗೆ ಗಡಿ ತಿಳಿಯುವುದಿಲ್ಲ. ಇದರಲ್ಲಿ ಅವರದೊಬ್ಬರದೇ ತಪ್ಪಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಕಿಕೊಂಡವರಿಗೆ "ಹೋಯಿತಲ್ಲ!" ಅನ್ನಿಸುವ ಹೊತ್ತಿಗೆ ಪಕ್ಕದ ಕುರ್ಚಿಯವರು ಕಿಟಕಿ ಹುಡುಕುತ್ತಿರುತ್ತಾರೆ. ರಾಯರು ಮೀಟಿಂಗಿಗೆ ಮುಂಚೆ ಬಚ್ಚಲಿಗೆ ಹೋಗಿ ಇನ್ನೆರಡು ಸಲ ಒತ್ತಿಕೊಂಡು ಬರುತ್ತಾರೆ. ಯಾರಿಗೂ ಗೊತ್ತಾಗಬಾರದ ಪರಿಮಳ ಅವರಿಗಿಂತ ಮೊದಲೇ ಕಾನ್ಫರೆನ್ಸ್ ಕೋಣೆಗೆ ಬಂದು ಕೂತಿರುತ್ತದೆ. "ಯಾವ ಮಹಡಿಯಲ್ಲೋ ಖಸ್ ಕೂಲರ್ ಹಾಕಿದಾರೆ" ಎಂದು ಉತ್ತರ ಭಾರತದ ಮ್ಯಾನೇಜರು ಒಮ್ಮೆ ಹೇಳಿದ್ದನ್ನು ರಾಯರು ಹೊಗಳಿಕೆಯ ಖಾತೆಗೆ ಬರೆದುಕೊಂಡರು.

ಕಳೆದ ಮಾಘದಲ್ಲಿ ಅವರ ಸೋದರಳಿಯನ ಮದುವೆ. ಸೋದರಮಾವನ ಸ್ಥಾನ, ರೇಷ್ಮೆ ಪಂಚೆ, ಶಲ್ಯ. ಯಾವುದನ್ನು ಹಾಕುವುದೆಂದು ವಾರವಿಡೀ ಮಥನ ನಡೆಯಿತು. ಹೋಮದ ಹೊಗೆಗೆ ಆಂಕ್ರ್ ನ್ವಾರ್ ಹೊಂದೀತೇ? ಊಟದ ಪಂಕ್ತಿಯಲ್ಲಿ ಹುಳಿಯ ಎದುರು ಗೆರ್ಲಾನಿನ ನಿಂಬೆ ನಿಂತೀತೇ? ಕಡೆಗೆ ಮಾಲ್ ಅವರದೇ ಆಗಲೆಂದು ತೀರ್ಮಾನಿಸಿ, ಉಳಿದಿದ್ದ ಹನಿಗಳನ್ನೆಲ್ಲ ಕತ್ತಿಗೆ, ಮಣಿಕಟ್ಟಿಗೆ, ಶಲ್ಯದ ಅಂಚಿಗೆ ಸುರಿದುಕೊಂಡರು.

ಛತ್ರದ ಬಾಗಿಲಲ್ಲಿ ಲಂಗ ತೊಟ್ಟ ಪುಟ್ಟ ಹುಡುಗಿ ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತಿತ್ತು. "ಬೇಡಮ್ಮಾ, ಬೇಡ" ಎನ್ನುವಷ್ಟರಲ್ಲಿ ಎರಡು ಸಲ ಮುಖಕ್ಕೇ ಎರಚಿತು. ಪಕ್ಕದವಳು ಮುಂಗೈ ಎಳೆದು ಗಂಧ ಬಳಿದಳು. ರಾಯರು ಹೌಹಾರಿ ಶಲ್ಯ ಮೂಸಿ ನೋಡುತ್ತಾರೆ, ಬರೀ ಗುಲಾಬಿ.

ಅವರು ಮುಖ ಸಣ್ಣಗೆ ಮಾಡಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಹುಡುಗಿ ಕಡೆಯ ದೊಡ್ಡಪ್ಪ, ಶಿವಮೊಗ್ಗದಿಂದ ಬಂದವರು. ಒಂದು ಕ್ಷಣ ಗಾಳಿ ಎಳೆದುಕೊಂಡು, ರಾಯರ ಕಡೆ ವಾಲಿ, ಯಾರೂ ಹೇಳಿಕೊಡದೆ, ಯಾವ ಮಣಿಕಟ್ಟೂ ಚಾಚದೆ ಕೇಳಿಯೇ ಬಿಟ್ಟರು:

"ಆಹಾ, ಏನು ಘಮ ರೀ! ಯಾವ ಸೆಂಟು ಹಾಕಿದೀರಿ?"

ರಾಯರ ಕೆನ್ನೆಯಿಂದ ಪನ್ನೀರು ಇನ್ನೂ ಇಳಿಯುತ್ತಿತ್ತು. ಅವರು ಅದನ್ನು ಶಲ್ಯದಿಂದ ಒರೆಸಿಕೊಂಡು, ಕುರ್ಚಿಯನ್ನು ದೊಡ್ಡಪ್ಪನವರ ಕಡೆಗೆ ಎಳೆದುಕೊಂಡರು.

"ಹೇಳ್ತೀನಿ, ಮುಹೂರ್ತಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ನೋಡಿ, 1957ರಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ವೆನ್ ಅಂತ…"