ಹತ್ಯಾರ ಮಾಸ್ತರ್

ಬೀದರಿನ ಯಾವ ಓಣಿಗೆ ಹೋದರೂ ಒಬ್ಬ ಹತ್ಯಾರ ಮಾಸ್ತರ್ ಸಿಕ್ಕೇ ಸಿಗುತ್ತಾರೆ. ಹತ್ಯಾರ ಅಂದರೆ ಸಲಕರಣೆ. ಒಂದು ಓಣಿಯಲ್ಲಿ ಕ್ಯಾಮೆರಾದ ಲೆನ್ಸ್ ಒರೆಸುತ್ತ ಕೂತಿರುತ್ತಾರೆ, ಫೋಟೊ ತೆಗೆಯುವುದಿಲ್ಲ. ಇನ್ನೊಂದರಲ್ಲಿ ತಬಲಾಕ್ಕೆ ವಾದಿ ಬಿಗಿಯುತ್ತಿರುತ್ತಾರೆ, ಬಾರಿಸುವುದಿಲ್ಲ. ನಮ್ಮ ಓಣಿಯ ಮಾಸ್ತರರ ಪಾಲಿಗೆ ಬಂದದ್ದು ಮೊಳೆ ಮತ್ತು ದಾರ.

ಸ್ಟ್ರಿಂಗ್ ಆರ್ಟ್ ನೀವೂ ನೋಡಿರುತ್ತೀರಿ. ಹಲಗೆಗೆ ಕಪ್ಪು ಮಖಮಲ್ಲು ಅಂಟಿಸಿ, ಸಾಲಾಗಿ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಜರಿದಾರ ಎಳೆದು ನವಿಲನ್ನೋ ಗಣಪತಿಯನ್ನೋ ಮೂಡಿಸುವುದು. ಒಂದು ಕಾಲಕ್ಕೆ ಮಗಳ ಮದುವೆ ಮಾಡಬೇಕಿದ್ದ ಮನೆಯ ಪಡಸಾಲೆಯಲ್ಲಿ ಇಂಥದೊಂದು ಫ್ರೇಮು ಇರಲೇಬೇಕಿತ್ತು. ಅದರಲ್ಲೂ ಹಾಯಿದೋಣಿಗೆ ಮರ್ಯಾದೆ ಜಾಸ್ತಿ. ಸಮುದ್ರ ಇತ್ತ ಸುಳಿಯದ ಬೀದರಿನಲ್ಲಿ ಹಾಯಿದೋಣಿ ಯಾಕೆ ಎಂದು ಕನ್ಯೆ ನೋಡಲು ಬಂದವರು ಯಾರೂ ಕೇಳುತ್ತಿರಲಿಲ್ಲ. “ಎಲ್ಲಾ ಈಕಿನೇ ಮಾಡ್ಯಾಳ್ರಿ” ಎಂದು ತಾಯಿ ಹೇಳಿದರೆ ಅವರು ದೋಣಿಯನ್ನೊಮ್ಮೆ, ಹುಡುಗಿಯ ಬೆರಳನ್ನೊಮ್ಮೆ ನೋಡಿ ಬಿಸ್ಕೀಟಿಗೆ ಕೈ ಹಾಕುತ್ತಿದ್ದರು.

ನಮ್ಮ ಮಾಸ್ತರರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಮನೆಯ ಪಡಸಾಲೆಯಲ್ಲೂ ಒಂದು ಹಲಗೆ ಇದೆ. ಅದರಲ್ಲಿ ಮೂಡಬೇಕಾದದ್ದು ನಮ್ಮೂರಿನ ಮಹಮೂದ್ ಗವಾನ್ ಮದರಸಾ. 1472ರಲ್ಲಿ ಕಟ್ಟಿದ ಆ ಮದರಸಾಕ್ಕೆ ಎರಡು ಮಿನಾರುಗಳಿದ್ದವು. ಔರಂಗಜೇಬನ ಕಾಲದ ಮದ್ದಿನ ಸ್ಫೋಟದಲ್ಲಿ ಒಂದು ಉರುಳಿ ಈಗ ಒಂದೇ ಉಳಿದಿದೆ. ಮಾಸ್ತರರ ಹಲಗೆಯ ಮೇಲೆ ಎರಡಕ್ಕೂ ಪೆನ್ಸಿಲ್ಲಿನಲ್ಲಿ ಜಾಗ ಗುರುತಾಗಿದೆ, ಎಡ ಮಿನಾರಿನ ಬುಡಕ್ಕೆ ಮೊಳೆಗಳೂ ಬಿದ್ದಿವೆ. ದಾರ ಮಾತ್ರ ಇನ್ನೂ ಬಂದಿಲ್ಲ. ಯಾಕೆಂದರೆ ಹತ್ಯಾರ ಇನ್ನೂ ತಯಾರಾಗಿಲ್ಲ.

ಈ ಹತ್ಯಾರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಾಸ್ತರರನ್ನು ನೋಡಿ ನಗುವವರಿಗೆ ಅದು ಗೊತ್ತಿರುವುದಿಲ್ಲ. ದಾರದ ಉಂಡೆಯನ್ನು ಕೈಯಲ್ಲಿ ಹಿಡಿದು ಮೊಳೆಗೆ ಸುತ್ತಲು ಹೋದರೆ ಉಂಡೆ ಎರಡು ಮೊಳೆಗಳ ನಡುವೆ ತೂರುವುದಿಲ್ಲ. ದಾರವನ್ನಷ್ಟೇ ಬೆರಳಲ್ಲಿ ಹಿಡಿದರೆ ಬಿಗಿ ನಿಲ್ಲುವುದಿಲ್ಲ, ಮೊಳೆಯ ತಲೆಗಳು ಬೆರಳ ತುದಿಯನ್ನು ತರಿಯುತ್ತವೆ. ಅದಕ್ಕೇ ಒಂದು ಟೊಳ್ಳು ನಳಿಗೆ ಬೇಕು. ದಾರ ಹಿಂದಿನಿಂದ ಒಳಗೆ ಹೋಗಿ ಮುಂದಿನ ಬಾಯಿಂದ ಬರಬೇಕು. ನಳಿಗೆಯನ್ನು ಪೆನ್ನು ಹಿಡಿದಂತೆ ಹಿಡಿದು ಮೊಳೆಗಳ ಸುತ್ತ ಬರೆಯುತ್ತ ಹೋಗಬೇಕು. ಇಷ್ಟೇ. ಬಾಯಿ ಸಣ್ಣದಾದರೆ ದಾರದ ಗಂಟು ಸಿಕ್ಕಿಬೀಳುತ್ತದೆ, ದೊಡ್ಡದಾದರೆ ದಾರ ಸಡಿಲ ಬೀಳುತ್ತದೆ, ಅಂಚು ಚೂಪಾದರೆ ದಾರ ಜುಂಜು ಎದ್ದು ಅರ್ಧ ನವಿಲಿಗೇ ಹರಿಯುತ್ತದೆ. ಈ ಮೂರು ಸಂಕಟಗಳ ನಡುವೆ ಎಲ್ಲೋ ಒಂದು ಪರಿಪೂರ್ಣ ನಳಿಗೆ ಇದೆ ಎಂಬುದು ಮಾಸ್ತರರ ನಂಬಿಕೆ. ಅದು ಸಿಗುವ ತನಕ ಮಿನಾರು ಏಳಕೂಡದು ಎಂಬುದು ಹಟ.

ಮೊದಲು ಬಾಲ್ ಪೆನ್ನಿನ ಕೊಳವೆಯಿಂದ ಶುರುವಾಯಿತು. ಅದು ಕೆಲಸ ಮಾಡಿತು. ಕೆಲಸ ಮಾಡಿದ್ದೇ ಅದರ ದೋಷವಾಯಿತು. ಅಷ್ಟು ಸುಲಭಕ್ಕೆ ಒಪ್ಪುವ ಪೈಕಿ ಅವರಲ್ಲ. ಆಮೇಲೆ ಕೊಡೆಯ ಕಡ್ಡಿ ಬಂತು. ಸಲಾಯಿನ್ ಪೈಪು ಬಂತು. ಇಂಜೆಕ್ಷನ್ ಸಿರಿಂಜು ಬಂದಾಗ ಓಣಿಯ ಹುಡುಗರು ಒಂದು ವಾರ ಮಾಸ್ತರರ ಮನೆ ಕಡೆ ಸುಳಿಯಲಿಲ್ಲ. ತಾಂಬಟಗಾರರಿಂದ ಹಿತ್ತಾಳೆಯ ನಳಿಗೆ ಮಾಡಿಸಿ, ಅದರ ಬಾಯಿಯನ್ನು ಮರಳುಕಾಗದದಲ್ಲಿ ಉಜ್ಜಿ ಉಜ್ಜಿ, ತುಟಿಗೆ ತಾಗಿಸಿ ನುಣುಪು ನೋಡಿ, ಮತ್ತೆ ಉಜ್ಜಿ, ಕಡೆಗೆ ಉಜ್ಜುವಿಕೆಯಲ್ಲೇ ಬಾಯಿ ಅಗಲವಾಗಿ ಅದೂ ತಿರಸ್ಕೃತವಾಯಿತು. ದಾರ ತಾನಾಗಿ ಬಿಚ್ಚಿಕೊಳ್ಳಲಿ ಎಂದು ಹಿಂಬದಿಗೆ ಹೊಲಿಗೆ ಮಷೀನಿನ ಬಾಬಿನ್ ಕೂರಿಸಿದರು. ಅದು ವಿಪರೀತ ಬಿಚ್ಚಿಕೊಂಡಿತೆಂದು ತಡೆಗೆ ಹಳೇ ಉಣ್ಣೆ ಟೋಪಿಯ ಚೂರು ಸಿಕ್ಕಿಸಿದರು. ಪ್ರತಿಯೊಂದಕ್ಕೂ ಚೀಟಿ ಅಂಟಿದೆ: “ನಂ. 4, ಬಾಯಿ ಸಣ್ಣದು.” “ನಂ. 7, ಚಲೋ, ಆದರೆ ಭಾರ.” “ನಂ. 9, ವಿಚಾರಣೆಯಲ್ಲಿದೆ.”

ನಳಿಗೆಯೊಳಗೆ ದಾರ ದಾಟಿಸುವ ಬಗೆ ನೋಡಲೇಬೇಕಾದದ್ದು. ದಾರದ ತುದಿಯನ್ನು ಹಿಂದಿನ ತೂತಿಗಿಟ್ಟು, ಮುಂದಿನ ಬಾಯಿಗೆ ಬಾಯಿ ಹಚ್ಚಿ, ಕೆನ್ನೆ ಒಳಗೆಳೆದು ಒಮ್ಮೆ ಜೋರಾಗಿ ಹೀರಬೇಕು. ಗಾಳಿಯೊಂದಿಗೆ ದಾರ ನಾಲಗೆಗೆ ಬಂದು ಬೀಳುತ್ತದೆ. ಹೀಗೆ ಹೀರುತ್ತಿರುವಾಗಲೇ ಮಾಸ್ತರರಿಗೆ ಫೋನು ಬರುತ್ತದೆ. ಅವರು ದಾರವನ್ನು ಹಲ್ಲಲ್ಲೇ ಕಚ್ಚಿಕೊಂಡು “ಹಾಂ, ಮಾತಾಡ್ರಿ” ಎನ್ನುತ್ತಾರೆ. ಇವರಿಗೆ ಲಕ್ವ ಹೊಡೆದಿದೆಯೆಂದು ಹುಮನಾಬಾದಿನ ಬೀಗರು ಒಮ್ಮೆ ಗಾಬರಿಯಿಂದ ಕಾರು ಮಾಡಿಕೊಂಡು ಬಂದೂ ಬಿಟ್ಟರು.

“ತಮ್ಮಾ, ನನ್ ಮಷೀನಿಂದು ಆರ್ ಬಾಬಿನ್ ಇದ್ದವು. ಈಗ ಒಂದ್ ಅದ. ಅದನ್ನ ಕೊಳ್ಳಾಗ ಕಟ್ಕೊಂಡ್ ತಿರಗ್ಲತ್ತೀನಿ” ಎಂದು ಮಾಸ್ತರರ ಹೆಂಡತಿ ಕಾಕು ನನ್ನೆದುರು ದೂರುತ್ತಾರೆ. ಮಾಸ್ತರರು ಕೇಳಿಸಿಕೊಂಡೂ ಕೇಳಿಸಿಕೊಳ್ಳದವರ ಹಾಗೆ ನಂ. 9ರ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ.

ಅವರ ಹತ್ತಿರ ಇತಿಹಾಸವೂ ಇದೆ. ಹತ್ಯಾರ ಇಲ್ಲದಿದ್ದರೂ ಅದು ಸದಾ ತಯಾರು. “ಸ್ಟ್ರಿಂಗ್ ಆರ್ಟ್ ಎಲ್ಲಿಂದ ಬಂತು ಹೇಳ್ರಿ? ಬೀದರಿಗೆ ಸಂಬಂಧ ಅದ!” ಎಂದು ಶುರು ಮಾಡುತ್ತಾರೆ. ಮೇರಿ ಎವರೆಸ್ಟ್ ಬೂಲ್ ಎಂಬ ಇಂಗ್ಲಿಷ್ ಹೆಂಗಸು (1832–1916) ಮಕ್ಕಳಿಗೆ ರೇಖಾಗಣಿತ ಹಿಡಿಸಲಿ ಎಂದು ತೂತು ಚುಚ್ಚಿದ ಕಾರ್ಡುಗಳ ಮೇಲೆ ದಾರ ಹೊಲಿಸುತ್ತಿದ್ದಳು. ಗೆರೆಗಳೆಲ್ಲ ನೆಟ್ಟಗೆ, ಆದರೆ ಹೊಲಿದು ಮುಗಿಸಿದರೆ ಕಣ್ಣಿಗೆ ಬೀಳುವುದು ಬಾಗಿದ ಗೆರೆ. ಅವಳ ದೊಡ್ಡಪ್ಪ ಜಾರ್ಜ್ ಎವರೆಸ್ಟ್, ಭಾರತದ ಸರ್ವೆಯರ್ ಜನರಲ್, ಶಿಖರಕ್ಕೆ ಇಟ್ಟದ್ದು ಅವನದೇ ಹೆಸರು. ದಕ್ಷಿಣದ ತುದಿಯಿಂದ ಹಿಮಾಲಯದ ಬುಡದವರೆಗೆ ನಾಡನ್ನು ಅಳೆದ ರೇಖೆ ಬೀದರ್ ಸೀಮೆಯನ್ನು ಹಾದುಹೋಗಿದೆ. 1841ರಲ್ಲಿ ಬೀದರಿನ ಹತ್ತಿರ ಆಧಾರರೇಖೆಯನ್ನೂ ಅಳೆದರು. ಇಲ್ಲಿಯವರೆಗೆ ಮಾಸ್ತರರು ಹೇಳುವುದೆಲ್ಲ ನಿಜ. ಮುಂದೆ ಅವರು, “ಅಂದಮ್ಯಾಲ ಈ ಕಲಾ ನಮ್ಮ ಬೀದರಿನ ತಮ್ಮನ ಮಗಳು ಆದಂಗಾಯ್ತಲ್ಲ?” ಎನ್ನುತ್ತಾರೆ. ಅಲ್ಲಿಂದಾಚೆಗೆ ಅವರ ಜೊತೆ ಯಾರೂ ಹೋಗುವುದಿಲ್ಲ.

ಎವರೆಸ್ಟನ ಮೇಲೆ ಅವರಿಗೆ ಪ್ರೀತಿ ಇರುವುದಕ್ಕೆ ಒಳಕಾರಣ ಬೇರೆಯೇ ಇದೆ. ಆತ 1825ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದವನು ಹೊಸ ಉಪಕರಣಗಳನ್ನು ಹೊತ್ತು ತಿರುಗಿ ಬಂದದ್ದು 1830ಕ್ಕೆ. “ನೋಡ್ರಿ, ಸಾಹೇಬ ಐದ್ ವರ್ಷ ಹತ್ಯಾರದ ಸಲುವಾಗಿ ಕಳದಾನ. ಯಾರರ ಅಂದಾರೇನು ಅವಗ?” ಎನ್ನುತ್ತಾರೆ. ಯಾರೂ ಅಂದಿರಲಿಕ್ಕಿಲ್ಲ. ಆದರೆ ಸಾಹೇಬ ಆಮೇಲೆ ಅಳೆಯುವುದನ್ನು ಮುಗಿಸಿದ ಎಂಬ ಮಾತನ್ನು ಮಾಸ್ತರರ ಮನೆಯ ಚಹಾ ಕುಡಿಯುತ್ತ ಹೇಳುವುದು ಸರಿಯಲ್ಲ.

ಇದೇ ಉಮೇದಿನಲ್ಲಿ ಒಮ್ಮೆ ಚೌಬಾರದ ಹಿಂದಿನ ಗಲ್ಲಿಯ ಬಿದ್ರಿ ಕಾರ್ಖಾನೆಗೂ ಹೋಗಿದ್ದರು. ಅಲ್ಲಿ ಒಬ್ಬ ವಯಸ್ಸಾದ ಕಾರೀಗರರು ಹೂದಾನಿಯೊಂದನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದರು. ಸತು ಮತ್ತು ತಾಮ್ರದ ಎರಕಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಕ್ಕಿನ ಮೊನೆಯಿಂದ ಹೂಬಳ್ಳಿ ಗೀರಿ, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಟಕಟಕ ಬಡಿಯುತ್ತಿದ್ದರು. ಕೊನೆಗೆ ಕೋಟೆಯ ಮಣ್ಣು ತಿಕ್ಕಿದಾಗ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಮಾಸ್ತರರು ತಾಸೊತ್ತು ನೋಡಿದರು. ಅವರು ನೋಡಿದ್ದು ಹೂವನ್ನಲ್ಲ, ತಂತಿಯನ್ನು ಕೈಯಲ್ಲೇ ಹಿಡಿದು ಕೂರಿಸುವುದನ್ನು. ತಡೆಯಲಾರದೆ ಜೇಬಿನಿಂದ ನಂ. 7 ತೆಗೆದು, “ಇದರಾಗಿಂದ ತಂತಿ ಬಿಟ್ರ ಝಟ್ ಅಂತ ಕೂಡ್ತದ” ಎಂದರು. ಕಾರೀಗರರು ಅದನ್ನು ತಿರುಗಿಸಿ ನೋಡಿ, ಆದರದಿಂದ ಮರಳಿಸಿ, “ಮಾಸ್ತರ್ ಸಾಬ್, ಚೀಜ್ ಅಚ್ಛೀ ಹೈ. ಇಸ್ ಸೇ ಆಪ್ ನೇ ಕ್ಯಾ ಬನಾಯಾ?” ಎಂದು ಕೇಳಿದರು. ಮಾಸ್ತರರಿಗೆ ಆ ಹೊತ್ತಿಗೆ ಸರಿಯಾಗಿ ತುರ್ತು ಕೆಲಸವೊಂದು ನೆನಪಾಯಿತು.

ಭಾಲ್ಕಿಯ ಪ್ರಸಂಗ ಇದಕ್ಕಿಂತ ದೊಡ್ಡದು. ಅಲ್ಲಿಯ ಶಾಲೆಯೊಂದರವರು ಬೇಸಿಗೆ ಶಿಬಿರಕ್ಕೆ ಕರೆದಿದ್ದರು. ಪಾಠದ ಮಟ್ಟಿಗೆ ಮಾಸ್ತರರನ್ನು ಮೀರಿಸುವವರಿಲ್ಲ, ಇದನ್ನು ಒಪ್ಪಲೇಬೇಕು. ಕಪ್ಪುಹಲಗೆಯ ಮೇಲೆ ವೃತ್ತ ಬರೆದು, ಸುತ್ತ 40 ಚುಕ್ಕೆ ಇಟ್ಟು, “ಎರಡರ ಮಗ್ಗಿ ಬರ್ತದೇನ್ರಪ್ಪ?” ಎಂದರು. ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ, ಮೂರರಿಂದ ಆರಕ್ಕೆ. 40 ದಾಟಿದರೆ ಮತ್ತೆ ಮೊದಲಿನಿಂದ ಎಣಿಸಬೇಕು. ಮಕ್ಕಳು ಕೂಗುತ್ತ ಹೋದರು, ಮಾಸ್ತರರು ಸ್ಕೇಲಿಟ್ಟು ಗೆರೆ ಎಳೆಯುತ್ತ ಹೋದರು. ಗೆರೆಗಳ ನಡುವಿನಿಂದ ತಾನಾಗಿ ಹೃದಯದಾಕಾರ ಎದ್ದು ಬಂತು. ಮೂರರ ಮಗ್ಗಿಗೆ ಎರಡು ಉಬ್ಬಿನ ಇನ್ನೊಂದು ಆಕಾರ. ಮಗ್ಗಿಯ ಹೊಟ್ಟೆಯೊಳಗೆ ಚಿತ್ರ ಇದೆ ಎಂದು ಗೊತ್ತಾಗಿ ಗಣಿತದ ಮೇಷ್ಟ್ರೂ ಬಾಗಿಲಲ್ಲಿ ನಿಂತುಬಿಟ್ಟರು. “ಈಗ ಮೊಳೆ ಮ್ಯಾಲ ಮಾಡೋಣ್ರಿ ಸರ್” ಎಂದಿತು ಒಂದು ಹುಡುಗಿ. ಮಾಸ್ತರರು ಚೀಲದಿಂದ ನಳಿಗೆಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಇಟ್ಟರು, ಗುಣದೋಷ ವಿವರಿಸಿದರು. ನಂ. 6ಕ್ಕೆ ಬರುವಾಗ ಊಟದ ಗಂಟೆ ಹೊಡೆಯಿತು.

ಆ ಪಾಠಕ್ಕೆ ಮರುಳಾಗಿಯೇ ಭಾಲ್ಕಿಯ ತರುಣರ ಗುಂಪೊಂದು ಬಸವ ಜಯಂತಿಗೆ ನಾಲ್ಕಡಿಯ ಬಸವಣ್ಣನನ್ನು ದಾರದಲ್ಲಿ ಮಾಡಿಕೊಡಿ ಎಂದು ಮುಂಗಡ ಕೊಟ್ಟು ಹೋಯಿತು. ಯಾವ ವರ್ಷದ ಬಸವ ಜಯಂತಿ ಎಂದು ಅವರು ಬಿಡಿಸಿ ಹೇಳಿರಲಿಲ್ಲ, ಅದನ್ನು ಮಾಸ್ತರರು ಅನುಕೂಲಕ್ಕೆ ತೆಗೆದುಕೊಂಡರು. ತಗಾದೆಗೆ ಬಂದವರಿಗೆ ಗ್ರೀಸ್ ದೇಶದ ಪೆಟ್ರೋಸ್ ವ್ರೆಲ್ಲಿಸ್‌ನ ವಿಡಿಯೊ ತೋರಿಸಿದರು. ಆತ 2016ರಲ್ಲಿ 200 ಗೂಟದ ಚಕ್ರದ ಮೇಲೆ ಒಂದೇ ಕಪ್ಪು ದಾರವನ್ನು ಮೂರು ನಾಲ್ಕು ಸಾವಿರ ಸಲ ಅತ್ತಿತ್ತ ಎಳೆದು ಮನುಷ್ಯರ ಮುಖ ಮೂಡಿಸಿದವನು. ಯಾವ ಗೂಟದಿಂದ ಯಾವ ಗೂಟಕ್ಕೆ ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ, ಎಳೆಯುವುದು ಅವನ ಕೈ. “ಅವಗ ಕಂಪ್ಯೂಟರ್ ಅದ. ನಮಗ ಹತ್ಯಾರರ ಬ್ಯಾಡೇನ್ರಿ?” ತರುಣರು ತಲೆಯಾಡಿಸಿದರು. ಅವರಲ್ಲೊಬ್ಬ ಸ್ವಲ್ಪ ಚುರುಕು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನೆನೆದು, “ಅಪ್ಪಾವ್ರ ಬೋರ್ಡ್ ಒಂದಿತ್ತು, ಒಳಗ ಕೆಲಸ ಮತ್ತೊಂದು ನಡೀತಿತ್ತು. ನಿಮ್ಮಲ್ಲಿ ಬೋರ್ಡ್ ಅದ, ಒಳಗ ಏನ್ ನಡೀಲತ್ತದ್ರಿ ಸರ್?” ಎಂದ. ಮಾಸ್ತರರು ಅವನಿಗೆ ಇನ್ನೊಂದು ಕಪ್ ಚಹಾ ಹೇಳಿದರು.

ಔರಾದಿಗೆ ಮಾತ್ರ ಅವರು ಯಾರೂ ಕರೆಯದೆ ಹೋದರು. ಅಲ್ಲಿಯ ಸರ್ಕಾರಿ ಶಾಲೆಯ ಮಕ್ಕಳು ದಾರದ ನವಿಲು ಮಾಡಿದ್ದಾರೆಂದು ಯಾರೋ ಕಿವಿಗೆ ಹಾಕಿದ್ದರು. ಜನವಾಡ, ಕೌಠಾ, ಸಂತಪೂರ ದಾಟುವ ತನಕ ಬಸ್ಸಿನಲ್ಲಿ ನನ್ನೆದುರು ಒಂದೇ ಪ್ರಶ್ನೆ: “ಅವ್ರ ಹತ್ರ ಯಾವ ಹತ್ಯಾರ ಇರಬೇಕು?” ಶಾಲೆಯಲ್ಲಿ ನೋಡಿದರೆ ನವಿಲು ನಿಜಕ್ಕೂ ಇತ್ತು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಅದರ ಮೇಲೆ ಹಳೇ ರವಿಕೆ ಬಟ್ಟೆ. ಕತ್ತಿನ ಮೊಳೆಗಳು ಸೊಟ್ಟ, ಒಂದು ಕಾಲು ಉದ್ದ. ಗರಿ ಮಾತ್ರ ಕಣ್ಣು ಕುಕ್ಕುವ ಹಾಗೆ ಹರಡಿತ್ತು. ಬಲಗಡೆಯ ಐದಾರು ಮೊಳೆಗಳಿಗೆ ದಾರ ಸುತ್ತುವುದು ಇನ್ನೂ ನಡೆದಿತ್ತು. ಎಂಟನೇ ಇಯತ್ತೆಯ ಹುಡುಗಿ ಮರಾಠಿಯಲ್ಲಿ ಗೆಳತಿಗೆ ಏನೋ ಹೇಳುತ್ತ, ಕನ್ನಡದಲ್ಲಿ ಮೊಳೆ ಎಣಿಸುತ್ತ, ಕಣ್ಣು ಪಿಳುಕಿಸದೆ ಸುತ್ತುತ್ತಿದ್ದಳು.

ಮಾಸ್ತರರು ನವಿಲನ್ನು ನೋಡಲಿಲ್ಲ. ಬಗ್ಗಿ ಅವಳ ಕೈ ನೋಡಿದರು. ಅಲ್ಲಿದ್ದದ್ದು ರಿಫಿಲ್ ಕಿತ್ತ ಬಾಲ್ ಪೆನ್ನು.

“ಇದು ಎಲ್ಲಿ ತಗೊಂಡಿ, ಅವ್ವಾ?”

“ಬಸ್‌ಸ್ಟ್ಯಾಂಡ್ ಮುಂದಿನ ದುಕಾನದಾಗ್ರಿ ಸರ್. ಐದ್ ರೂಪಾಯಿ. ಶಾಯಿ ತೀರಿತ್ತು, ಅದಕ್ಕ ತಗೊಂಡೀನಿ.”

“ಬಾಯಿ ಎಷ್ಟು ಎಂ.ಎಂ. ಅದ?”

ಹುಡುಗಿ ಪೆನ್ನಿನ ತುದಿಯನ್ನು ನೋಡಿ, ಮಾಸ್ತರರನ್ನು ನೋಡಿ, “ದಾರ ಬರೂವಷ್ಟ್ ಅದರಿ” ಎಂದಳು.

ಮರಳುವಾಗ ಅದೇ ದುಕಾನದಲ್ಲಿ ಎರಡು ಡಜನ್ ಪೆನ್ನು ಕೊಂಡರು. ಸಂತಪೂರ ಬರುವಷ್ಟರಲ್ಲಿ ಅಷ್ಟಕ್ಕೂ ರಿಫಿಲ್ ಕಿತ್ತು ಕಿಟಕಿಯ ಪಕ್ಕ ಕಂತೆ ಕಟ್ಟಿಯಾಯಿತು. ಜೇಬಿನ ತುಂಬ ಹೊಚ್ಚ ಹೊಸ ಪೆನ್ನು ಕಂಡ ಕಂಡಕ್ಟರ್ ಹಾಳೆ ತುಂಬಲು ಒಂದನ್ನು ಕೇಳಿ ಪಡೆದ, ಎರಡು ಸಲ ಗೀಚಿದ, ಒದರಿ ಮತ್ತೆ ಗೀಚಿದ.

“ಬರೀವಲ್ದಲ್ರಿ ಇದು.”

“ಅದು ಬರಿಯೂ ಪೆನ್ನಲ್ರಿ.”

“ಮತ್ತ ಇಷ್ಟ್ಯಾಕ್ ಇಟ್ಕೊಂಡೀರಿ?”

ಮಾಸ್ತರರು ಉತ್ತರಿಸಲು ಬಾಯಿ ತೆರೆಯುವಾಗ ಭಾಲ್ಕಿಯಿಂದ ಫೋನು ಬಂತು. ಬಸವಣ್ಣ ಎಲ್ಲಿಗೆ ಬಂದ ಎಂದು ಆ ಚುರುಕು ಹುಡುಗ ಕೇಳುತ್ತಿದ್ದ.

“ಆಯ್ತಪ್ಪ, ಆಯ್ತು” ಎಂದರು ಮಾಸ್ತರರು. “ಹತ್ಯಾರ ಸಿಕ್ಕಾದ. ಇಪ್ಪತ್ನಾಲ್ಕು ಅವ. ಯಾವ್ದು ಚಲೋ ಅಂತ ಒಂದೊಂದೇ ನೋಡಿ, ನಂಬರ್ ಹಾಕಿ, ಶುರು ಮಾಡ್ತೀನಿ.”