ಝಳ ಸಾಹೇಬರೆ, ನಿಮ್ಮ ವರ್ಗಾವಣೆ ಯಾವಾಗ?

ಗೆ,
ಶ್ರೀಮಾನ್ ಝಳ ಸಾಹೇಬರು
ಠಿಕಾಣಿ: ವಿಜಯಪುರ, ತಿಕೋಟಾ, ಬಬಲೇಶ್ವರ

ವಿಷಯ: ಅವಧಿ ಮುಗಿದರೂ ಹುದ್ದೆ ಬಿಡದಿರುವ ಬಗ್ಗೆ

ಮಾನ್ಯರೆ,

ನಿಮ್ಮ ಕರ್ತವ್ಯನಿಷ್ಠೆಯ ಬಗ್ಗೆ ನಮ್ಮ ತಕರಾರಿಲ್ಲ. ಸಮಭಾಜಕದ ಸುತ್ತ ಸೂರ್ಯ ಸುರಿದದ್ದನ್ನು ಗಾಳಿಯ ಮೇಲೆ, ಕಡಲ ಪ್ರವಾಹಗಳ ಮೇಲೆ ಹೇರಿಕೊಂಡು ಧ್ರುವಗಳ ಕಡೆ ಒಯ್ಯುವುದು, ಮಿಕ್ಕಿದ್ದನ್ನು ಆಕಾಶಕ್ಕೆ ಬಿಟ್ಟುಕೊಡುವುದು ನಿಮ್ಮ ಕೆಲಸ. ಏಪ್ರಿಲ್‌, ಮೇನಲ್ಲಿ ನಮ್ಮೂರಿಗೆ ಬಂದು, ಮುಂಗಾರಿಗೆ ಚಾರ್ಜ್ ಕೊಟ್ಟು ಹೋಗುವುದು ನಿಮ್ಮ ರೂಢಿ. ಈಗ ನಡುರಾತ್ರಿಯೂ ಮಾಳಿಗೆಯ ಮೇಲೆ ನೀವೇ ಮಲಗಿರುತ್ತೀರಿ.

“ಮ್ಯಾಲ ಹೋಗೋ ದಾರಿ ಬಂದ್ ಆಗೈತ್ರಿ” ಎಂದು ನಿಮ್ಮ ಸಮಜಾಯಿಷಿ. ಒಪ್ಪಿದೆವು. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಹಿಂದೆ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಹೊರಟ ನಿಮ್ಮನ್ನು ಅದು ತಡೆದು ವಾಪಸ್ ಕಳಿಸುತ್ತದೆ. ಹೀಗೆ ಉಳಿದ ಶಾಖದಲ್ಲಿ ಶೇ 90ರಷ್ಟು ಕಡಲು ಸೇರಿದೆ. ಕಡಲು ದೂರ, ನಮಗೇನು ಎಂದುಕೊಂಡಿದ್ದೆವು. ಆದರೆ ಕಡಲನ್ನೇ ಕಾಯಿಸುವ ಎಲ್ ನಿನೊ ನಿಮ್ಮ ಹಳೆಯ ಆಟವೇ. ಈಗ ಅದನ್ನು ಮೊದಲೇ ಕಾದ ಭೂಮಿಯ ಮೇಲೆ ಆಡುತ್ತಿದ್ದೀರಿ. 2023ರಲ್ಲಿ ಪೆಸಿಫಿಕ್ ಸಾಗರ ಕಾಯಿತು, ಇಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಎಲ್ಲಿಯ ಪೆಸಿಫಿಕ್, ಎಲ್ಲಿಯ ನಮ್ಮ ಡೋಣಿ ಹೊಳೆ!

ನೀವು ಮಳೆ ಕೊಟ್ಟರೂ ಕಷ್ಟವೇ. ಒಂದು ಡಿಗ್ರಿ ಕಾದ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಅದನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿಕೋಟಾದ ದ್ರಾಕ್ಷಿ ಪಡಗಳ ಮೇಲೆ ಸುರಿಯುತ್ತೀರಿ. ಬಳ್ಳಿ ಸವರುವ ಚಾಟ್ನಿ ಮುಗಿದು ಹೂವಾದಾಗ ಬಿದ್ದರೆ ದಾವಣಿ ರೋಗ. ಶೆಡ್ಡಿನಲ್ಲಿ ಮಣೂಕ ಒಣಗುವಾಗ ಬಿದ್ದರೆ ಬಣ್ಣವೂ ಹೋಯಿತು, ದರವೂ ಹೋಯಿತು. ಇನ್ನು ಬಬಲೇಶ್ವರದ ಕಡೆ ಏತ ನೀರಾವರಿಯವರು ಪಂಪ್ ಹಚ್ಚಿ ಕೃಷ್ಣೆಯನ್ನು ಕೆರೆಗೆ ಏರಿಸಿದರೆ, ನೀವು ಅದೇ ನೀರನ್ನು ಕರೆಂಟ್ ಬಿಲ್ಲಿಲ್ಲದೆ ಮುಗಿಲಿಗೆ ಏರಿಸುತ್ತೀರಿ. ಇಂಥ ದಕ್ಷತೆ ಯಾವ ಇಲಾಖೆಯಲ್ಲಿದೆ?

ನಮ್ಮ ಸತ್ಕಾರಕ್ಕೂ ಕೊರತೆಯಿಲ್ಲ. ಆದಿಲ್‌ಶಾಹಿಗಳು ದಪ್ಪ ಕಲ್ಲುಗೋಡೆ ಎಬ್ಬಿಸಿ, ತಾಜ್ ಬಾವಡಿ ತೋಡಿ ನಿಮ್ಮನ್ನು ಹೊರಗೇ ನಿಲ್ಲಿಸಿದ್ದರು. ನಾವು ತಗಡು, ಗಾಜು, ಡಾಂಬರು ಹಾಸಿ ಒಳಗೆ ಕರೆದಿದ್ದೇವೆ. ಉಳ್ಳವರ ಎ.ಸಿ. ಮನೆಯ ಬಿಸಿಯನ್ನು ಓಣಿಗೆ ದೂಡುತ್ತದೆ. ಕರೆಂಟಿಗಾಗಿ ನಮ್ಮದೇ ಜಿಲ್ಲೆಯ ಕೂಡಗಿಯ 2,400 ಮೆಗಾವಾಟ್ ಸ್ಥಾವರ ಕಲ್ಲಿದ್ದಲು ಸುಡುತ್ತದೆ. ಅದರ ಹೊಗೆ ನಿಮ್ಮ ಸೇವಾವಧಿಯನ್ನು ಮತ್ತೆ ವಿಸ್ತರಿಸುತ್ತದೆ. ಓಣಿಯಲ್ಲಿ ಗಾಡಿ ತಳ್ಳುವವನ, ಪಡದಲ್ಲಿ ಗೊನೆ ಕೊಯ್ಯುವವಳ ಪಾಲಿಗೆ ಬರುವುದು ದೂಡಿದ ಬಿಸಿ ಮಾತ್ರ.

ಜಿಲ್ಲೆಯ ಕೋಟಿ ವೃಕ್ಷ ಅಭಿಯಾನದಲ್ಲಿ ಗಿಡ ಹಚ್ಚಿದ್ದೇವಲ್ಲ ಎನ್ನಬಹುದು. ನೆರಳು ನಿಜ, ತಂಪೂ ನಿಜ. ಆದರೆ ಕಡಲು ಸೇರಿದ ಶಾಖವನ್ನು ಬೇವಿನ ಮರ ಹಿಂದಕ್ಕೆ ಕರೆಸಲಾರದು.

ನಿಮ್ಮನ್ನು ವರ್ಗ ಮಾಡುವ ಅಧಿಕಾರ ಕಲ್ಲಿದ್ದಲು, ಎಣ್ಣೆ ಸುಡುವವರ ಕೈಯಲ್ಲಿದೆ. ಆದ್ದರಿಂದ ಈ ಪತ್ರದ ಪ್ರತಿ, ಅವರನ್ನು ತಡೆಯಬಲ್ಲ ಜನಪ್ರತಿನಿಧಿಗಳಿಗೆ. ಸ್ವಾಮಿ, ಬಿಸಿಲಿಗೆ ಬರವಿಲ್ಲದ ಜಿಲ್ಲೆಯಲ್ಲಿ ಬಿಸಿಲಿನಿಂದಲೇ ಕರೆಂಟ್ ಮಾಡಿ. ಕಲ್ಲಿದ್ದಲು ನಿಲ್ಲಿಸಲು ಒಂದು ತಾರೀಖು ಗೊತ್ತುಮಾಡಿ. ಅಲ್ಲಿಯವರೆಗೆ ಬೇಸಿಗೆಯ ನಡುಮಧ್ಯಾಹ್ನ ಕೂಲಿಯವರಿಗೆ ಪಗಾರ ಕಡಿಯದೆ ಬಿಡುವು ಕೊಡಿಸಿ.

ಇಂತಿ,
ಬೆಂದವರು